ಕಾರ್ನೆಲ್‌ನ ಆಲ್ಫಾ ಚಾಪ್ಟರ್: ಸ್ಥಾಪಕರು ಏಳು ಮಂದಿ, ಮರಳಿ ಬಾರದವರು ಆರು ಮಂದಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಮಗಳ ಮನೆಗೆಂದು ನ್ಯೂಯಾರ್ಕ್ ರಾಜ್ಯದ ಇತಾಕಾ ಊರಿಗೆ ಬಂದು ಎರಡು ತಿಂಗಳಾಯಿತು. ಡಿಸೆಂಬರ್ ಮೊದಲ ವಾರದ ಒಂದು ಬೆಳಿಗ್ಗೆ ಕಾರ್ನೆಲ್ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆದು ಹೋಗುತ್ತಿದ್ದಾಗ, ಬಾರ್ನ್ಸ್ ಹಾಲ್ ಎಂಬ ಹಳೆಯ ಇಟ್ಟಿಗೆ ಕಟ್ಟಡದ ಬಳಿ, ಇಂಗ್ಲಿಷಿನ ‘ಜೆ’ ಅಕ್ಷರದಂತೆ ಬಾಗಿದ ಒಂದು ಗೋಡೆಯ ಮುಂದೆ ಎಂಟು ಹತ್ತು ಮಂದಿ ಹಿರಿಯ ಕಪ್ಪು ಅಮೆರಿಕನ್ನರು ನಿಂತಿದ್ದರು. ಎಲ್ಲರ ಮೈಮೇಲೂ ಕಪ್ಪು ಕೋಟು, ಕೊರಳಲ್ಲಿ ಮಾಸಲು ಹೊನ್ನಿನ ಬಣ್ಣದ ಮಫ್ಲರ್. ಅವರಲ್ಲೊಬ್ಬರು ಬೆಂಚಿನ ಮೇಲೆ ಬಿದ್ದಿದ್ದ ಹಿಮವನ್ನು ಕೈಗವಸಿನಿಂದ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಒರಸಿದರು. ಒರಸಿ, ತಾವು ಮಾತ್ರ ಕೂರದೆ ಪಕ್ಕಕ್ಕೆ ಸರಿದು ನಿಂತರು. ದೇವಸ್ಥಾನದ ಜಗಲಿಯನ್ನು ಶುಚಿ ಮಾಡಿದವರ ಹಾಗೆ ಕಂಡರು. ಮಾತನಾಡಿಸಿದಾಗ ಹೆಸರಿನ ಜೊತೆಯಲ್ಲೇ ತಾವು ಸಂಘಕ್ಕೆ ಸೇರಿದ ಋತು, ವರ್ಷ ಮತ್ತು ಚಾಪ್ಟರಿನ, ಅಂದರೆ ಶಾಖೆಯ, ಹೆಸರನ್ನು ಹೇಳಿದರು. ಕಾಲೇಜು ಬಿಟ್ಟು ಐವತ್ತು ವರ್ಷ ದಾಟಿದವರು ಅವರು.

ಅದು ಕಪ್ಪು ವಿದ್ಯಾರ್ಥಿಗಳು ಕಟ್ಟಿಕೊಂಡ ಆಲ್ಫಾ ಫೈ ಆಲ್ಫಾ ಎಂಬ ಫ್ರಟರ್ನಿಟಿಯ, ಅಂದರೆ ಗಂಡು ವಿದ್ಯಾರ್ಥಿಗಳ ಸಂಘದ, ಮೊದಲ ಶಾಖೆಯ ಸ್ಮಾರಕವೆಂದು ಮಗಳು ಆಮೇಲೆ ತಿಳಿಸಿದಳು. ಇದನ್ನು ಇಲ್ಲಿ ಬರೆಯುವುದಕ್ಕೆ ಕಾರಣವಿದೆ. ನಾನು ಓದಿದ ವಿದ್ಯಾರ್ಥಿ ನಿಲಯದ ಹಳೆಯ ವಿದ್ಯಾರ್ಥಿಗಳು ಸೇರಿ ಸ್ಮರಣ ಸಂಚಿಕೆಯೊಂದನ್ನು ತರಬೇಕೆಂದು ನಿಶ್ಚಯಿಸಿದ್ದೇವೆ, ಅದರ ಸಂಪಾದನೆಯ ಹೊಣೆ ನನ್ನ ಮೇಲೆ ಬಿದ್ದಿದೆ. ಆ ಹಿರಿಯರನ್ನು ಕಂಡ ಮೇಲೆ, ಒಂದು ವಿದ್ಯಾರ್ಥಿ ಕೂಟದ ಚರಿತ್ರೆಯನ್ನು ಎಲ್ಲಿಂದ ಆರಂಭಿಸಬೇಕು, ಯಾರನ್ನು ಸ್ಥಾಪಕರೆಂದು ಕರೆಯಬೇಕು, ಅರ್ಧ ಶತಮಾನ ಕಳೆದರೂ ಜನರನ್ನು ಅದಕ್ಕೆ ಕಟ್ಟಿ ಹಾಕುವುದು ಏನು ಎಂಬ ಪ್ರಶ್ನೆಗಳು ಬಿಡುತ್ತಿಲ್ಲ. ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ನ್ಯೂಜೆರ್ಸಿ ಕನ್ನಡತಿ

ತುಂಗಾತೀರ ಅವರೇ, ತಾವು ಕಂಡದ್ದು ಬಹುಶಃ ಸ್ಥಾಪನಾ ದಿನದ ಆಸುಪಾಸಿನ ಕೂಟ. ಆಲ್ಫಾ ಫೈ ಆಲ್ಫಾ ಸ್ಥಾಪನೆಯಾದದ್ದು 1906ರ ಡಿಸೆಂಬರ್ 4ರಂದು. ಆ ಗೋಡೆ ಮತ್ತು ಬೆಂಚನ್ನು ನೂರು ವರ್ಷದ ಆಚರಣೆಯ ಅಂಗವಾಗಿ 2005ರಲ್ಲಿ ನಿಲ್ಲಿಸಿದರು. ಏಳು ಮಂದಿ ಸ್ಥಾಪಕರನ್ನು ಅವರು ‘ಜ್ಯುವೆಲ್ಸ್’, ಅಂದರೆ ರತ್ನಗಳು ಎಂದು ಕರೆಯುವುದರಿಂದ ಗೋಡೆಗೆ ಆ ಅಕ್ಷರದ ಆಕಾರ.

ಹಿನ್ನೆಲೆಯನ್ನು ಸ್ವಲ್ಪ ಹೇಳುತ್ತೇನೆ. ಗ್ರೀಕ್ ಅಕ್ಷರಗಳನ್ನು ಹೆಸರಾಗಿಟ್ಟುಕೊಂಡ ವಿದ್ಯಾರ್ಥಿ ಸಂಘಗಳು ಅಮೆರಿಕದಲ್ಲಿ ಹುಟ್ಟಿದ್ದು 1776ರಲ್ಲಿ, ವಿಲಿಯಂ ಅಂಡ್ ಮೇರಿ ಕಾಲೇಜಿನ ಫೈ ಬೀಟಾ ಕಪ್ಪಾದಿಂದ. ಇಂದು ನಾವು ಫ್ರಟರ್ನಿಟಿ ಎಂದು ಗುರುತಿಸುವ ರೂಪ 1825ರಿಂದ ಯೂನಿಯನ್ ಕಾಲೇಜಿನಲ್ಲಿ ಬೆಳೆಯಿತು. ಗುಟ್ಟಿನ ವಿಧಿ, ಕೈಹಿಡಿತದ ಗುರುತು, ಸ್ವಂತ ಮನೆ, ಸ್ವಂತ ಅಡುಗೆ, ಕಾಲೇಜಿನಾಚೆಗೂ ಮುಂದುವರಿಯುವ ನಂಟು ಇವೆಲ್ಲ ಅದರ ಲಕ್ಷಣಗಳು. ಒಂದೊಂದು ಕಾಲೇಜಿನಲ್ಲಿರುವ ಶಾಖೆಯನ್ನು ಚಾಪ್ಟರ್ ಎನ್ನುತ್ತಾರೆ.

ಕಾರ್ನೆಲ್ ಬಾಗಿಲು ತೆರೆದದ್ದು 1868ರಲ್ಲಿ. ಯಾವ ವ್ಯಕ್ತಿಯಾದರೂ ಯಾವ ವಿಷಯವನ್ನಾದರೂ ಕಲಿಯಬಹುದಾದ ಸಂಸ್ಥೆಯನ್ನು ಕಟ್ಟುತ್ತೇನೆಂದು ಎಜ್ರಾ ಕಾರ್ನೆಲ್ ಹೇಳಿದ್ದರು, ಕಪ್ಪು ವಿದ್ಯಾರ್ಥಿಗಳಿಗೆ ಪ್ರವೇಶವೂ ಇತ್ತು. ಆದರೆ ಪ್ರವೇಶ ಸಿಕ್ಕ ಮಾತ್ರಕ್ಕೆ ಜಾಗ ಸಿಕ್ಕಿತು ಎಂದಲ್ಲ. ಉಳಿದುಕೊಳ್ಳುವುದಕ್ಕೆ ಊರಿನೊಳಗಿನ ಕಪ್ಪು ಕುಟುಂಬಗಳ ಮನೆಗಳನ್ನು ಹುಡುಕಬೇಕಿತ್ತು. ಗುಂಪಾಗಿ ಓದುವುದಕ್ಕೆ, ಹಳೆಯ ಪ್ರಶ್ನೆಪತ್ರಿಕೆ ಕೇಳಿ ಪಡೆಯುವುದಕ್ಕೆ, ಕಾಯಿಲೆ ಬಿದ್ದಾಗ ನೋಡಿಕೊಳ್ಳುವುದಕ್ಕೆ ಬಿಳಿಯರಿಗೆ ಫ್ರಟರ್ನಿಟಿಗಳಿದ್ದವು. ಆ ಫ್ರಟರ್ನಿಟಿಗಳ ಮನೆಗಳಲ್ಲಿ ಕಪ್ಪು ಹುಡುಗರಿಗೆ ಸಿಗುತ್ತಿದ್ದ ಜಾಗ ಊಟ ಬಡಿಸುವ ಕೆಲಸದ್ದು. ತಟ್ಟೆ ಎತ್ತುತ್ತಲೇ, ಒಂದು ಕೂಟ ತನ್ನವರನ್ನು ಹೇಗೆ ಕೈಬಿಡದೆ ಹಿಡಿದುಕೊಳ್ಳುತ್ತದೆ ಎಂಬುದನ್ನು ಅವರು ಹತ್ತಿರದಿಂದ ನೋಡಿದರು.

1904–05ರ ಸಾಲಿನಲ್ಲಿ ಓದುತ್ತಿದ್ದ ಆರು ಮಂದಿ ಕಪ್ಪು ವಿದ್ಯಾರ್ಥಿಗಳು ಮರುವರ್ಷ ಕಾಲೇಜಿಗೆ ಮರಳಲಿಲ್ಲ. ಮುಂದಿನ ಎಲ್ಲಕ್ಕೂ ಇದೇ ಮೂಲ. ಉಳಿದವರು ಗಾಬರಿಗೊಂಡು, ಇನ್ನೊಬ್ಬರು ಹೀಗೆ ಜಾರಿ ಹೋಗಬಾರದೆಂದು ಒಟ್ಟುಗೂಡಿದರು. ಮೊದಲು ಅದು ಓದಿನ ಮತ್ತು ಸಾಹಿತ್ಯ ಚರ್ಚೆಯ ಕೂಟವಾಗಿತ್ತು, ಆಮೇಲೆ ಫ್ರಟರ್ನಿಟಿಯಾಯಿತು.

ಹಳೆ ದಫ್ತರ

ಸ್ಥಾಪಕರು ಯಾರು ಎಂಬ ಪ್ರಶ್ನೆಗೆ ನಾನು ಉತ್ತರಿಸಲು ಯತ್ನಿಸುತ್ತೇನೆ. ವೃತ್ತಿಯಿಂದ ದಾಖಲೆಗಳನ್ನು ಕಾಯುವವನಾದ್ದರಿಂದ ಈ ಪ್ರಶ್ನೆಯ ಮೇಲೆ ನನಗೆ ವಿಶೇಷ ಪ್ರೀತಿ.

ಒಪ್ಪಿತವಾದ ಏಳು ಹೆಸರುಗಳು ಹೀಗಿವೆ: ಹೆನ್ರಿ ಆರ್ಥರ್ ಕ್ಯಾಲಿಸ್, ಚಾರ್ಲ್ಸ್ ಹೆನ್ರಿ ಚಾಪ್‌ಮನ್, ಯೂಜೀನ್ ಕಿಂಕಲ್ ಜೋನ್ಸ್, ಜಾರ್ಜ್ ಬಿಡಲ್ ಕೆಲ್ಲಿ, ನಥಾನಿಯಲ್ ಆಲಿಸನ್ ಮರ್ರೆ, ರಾಬರ್ಟ್ ಹೆರಾಲ್ಡ್ ಓಗಲ್, ವರ್ಟ್ನರ್ ವುಡ್‌ಸನ್ ಟ್ಯಾಂಡಿ. ಆದರೆ ಈ ಪಟ್ಟಿ ಮೊದಲಿನಿಂದಲೂ ಹೀಗೆಯೇ ಇರಲಿಲ್ಲ. ಜೇಮ್ಸ್ ಮಾರ್ಟನ್ ಎಂಬುವರ ಹೆಸರು ಮುಂಚೆ ಅದರಲ್ಲಿತ್ತು. ಆ ಅವಧಿಯಲ್ಲಿ ಅವರು ವಿಶ್ವವಿದ್ಯಾಲಯದಲ್ಲಿ ನೋಂದಾಯಿತ ವಿದ್ಯಾರ್ಥಿಯಾಗಿರಲಿಲ್ಲ ಎಂಬ ಕಾರಣಕ್ಕೆ ಆ ಹೆಸರನ್ನು ಕೈಬಿಟ್ಟು ಜೋನ್ಸ್ ಅವರ ಹೆಸರನ್ನು ಸೇರಿಸಿದರು. ಹಾಜರಿ ಪುಸ್ತಕವೊಂದು ಒಬ್ಬರನ್ನು ಸ್ಥಾಪಕರ ಸಾಲಿನಿಂದ ಇಳಿಸಿತು.

ನನ್ನ ಮನಸ್ಸನ್ನು ಹೆಚ್ಚು ಕಾಡುವವರು ಚಾರ್ಲ್ಸ್ ಕಾರ್ಡೋಜಾ ಪಾಯಿಂಡೆಕ್ಸ್‌ಟರ್. ಕೃಷಿ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದ ಅವರೇ ಮೊದಲ ಅಧ್ಯಯನ ಕೂಟವನ್ನು ಸೇರಿಸಿ ನಡೆಸಿದವರು. ಅದು ಸಾಹಿತ್ಯ ಸಂಘವಾಗಿಯೇ ಉಳಿಯಬೇಕು, ಗ್ರೀಕ್ ಅಕ್ಷರದ ಗುಪ್ತ ಸಂಘವಾಗಬಾರದು ಎಂಬುದು ಅವರ ನಿಲುವಾಗಿತ್ತು. ಕಿರಿಯರು ಫ್ರಟರ್ನಿಟಿಯೇ ಬೇಕೆಂದಾಗ ಅವರು ದೂರ ಸರಿದರು. ಹಾಗಾಗಿ ಏಳು ರತ್ನಗಳಲ್ಲಿ ಅವರಿಲ್ಲ. ಫ್ರಟರ್ನಿಟಿಯ ಅಧಿಕೃತ ಚರಿತ್ರೆಯನ್ನು 1929ರಲ್ಲಿ ಪ್ರಕಟಿಸಿದ ಇತಿಹಾಸಕಾರ ಚಾರ್ಲ್ಸ್ ವೆಸ್ಲಿ ಅವರು ಪಾಯಿಂಡೆಕ್ಸ್‌ಟರ್ ಅವರನ್ನು ಮುಚ್ಚಿಡದೆ ದಾಖಲಿಸಿದ್ದು ಮೆಚ್ಚತಕ್ಕ ವಿಷಯ. ಸ್ಮರಣ ಸಂಚಿಕೆಗಳಲ್ಲಿ ಭಿನ್ನಮತ ಹೇಳಿ ಹೊರಗೆ ಹೋದವರಿಗೆ ಸಾಮಾನ್ಯವಾಗಿ ಒಂದು ಸಾಲೂ ಸಿಗುವುದಿಲ್ಲ.

ಉಳಿದ ಏಳು ಮಂದಿಯ ಬಗ್ಗೆ ಹೇಳಲೇಬೇಕಾದ ಮಾತು, ಅವರ ಬದುಕುಗಳು ಪದವಿಯೊಂದಿಗೆ ಮುಗಿಯಲಿಲ್ಲ ಎಂಬುದು. ಮೊದಲ ಅಧ್ಯಕ್ಷರಾದ ಕೆಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಾಯಿತರಾದ ಮೊದಲ ಕಪ್ಪು ಎಂಜಿನಿಯರ್. ಟ್ಯಾಂಡಿ ಅದೇ ರಾಜ್ಯದ ಮೊದಲ ನೋಂದಾಯಿತ ಕಪ್ಪು ವಾಸ್ತುಶಿಲ್ಪಿ. ಹಾರ್ಲೆಮ್‌ನ ಸೇಂಟ್ ಫಿಲಿಪ್ಸ್ ಚರ್ಚು, ಹೆಸರಾಂತ ಕಪ್ಪು ಮಹಿಳಾ ಉದ್ಯಮಿ ಮೇಡಂ ಸಿ. ಜೆ. ವಾಕರ್ ಅವರ ವಿಲ್ಲಾ ಲೆವಾರೊ ಬಂಗಲೆ ಟ್ಯಾಂಡಿಯವರ ಕೈಯಿಂದ ಬಂದವು. ಜೋನ್ಸ್ ಎರಡು ದಶಕಕ್ಕೂ ಹೆಚ್ಚು ಕಾಲ, ನಗರಗಳ ಕಪ್ಪು ಜನರ ಏಳಿಗೆಗಾಗಿ ದುಡಿಯುವ ನ್ಯಾಷನಲ್ ಅರ್ಬನ್ ಲೀಗ್ ಸಂಸ್ಥೆಯನ್ನು ನಡೆಸಿದರು. ಏಳು ಮಂದಿಯಲ್ಲಿ ಕೊನೆಯವರಾಗಿ ಉಳಿದ ವೈದ್ಯ ಕ್ಯಾಲಿಸ್ 1974ರಲ್ಲಿ ತೀರಿಕೊಂಡರು. ಎಂದರೆ ಅರುವತ್ತೇಳು ವರ್ಷಗಳ ಕಾಲ ಈ ಸಂಘಕ್ಕೆ ತನ್ನ ಹುಟ್ಟನ್ನು ಕಣ್ಣಾರೆ ಕಂಡ ಒಬ್ಬರು ಜೀವಂತವಾಗಿದ್ದರು. ತುಂಗಾತೀರ ಅವರೇ, ತಮ್ಮ ನಿಲಯದ ಮೊದಲ ತಂಡದವರು ಯಾರಾದರೂ ಇದ್ದರೆ ಸಂಚಿಕೆಯ ಮುದ್ರಣಕ್ಕೆ ಕಾಯದೆ ಈಗಲೇ ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳಿ.

ತುಂಗಾತೀರ

ಇಬ್ಬರಿಗೂ ಕೃತಜ್ಞನಾಗಿದ್ದೇನೆ. ಮೊದಲ ತಂಡದವರಲ್ಲಿ ಇಬ್ಬರು ಇದ್ದಾರೆ, ಒಬ್ಬರು ಶಿಕಾರಿಪುರದ ಕಡೆಯವರು. ಊರಿಗೆ ಬಂದ ಕೂಡಲೇ ಹೋಗುತ್ತೇನೆ. ಮೂರನೆಯ ಪ್ರಶ್ನೆ ಹಾಗೆಯೇ ಉಳಿದಿದೆ. ನಮ್ಮಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘವೆಂದರೆ ವರ್ಷಕ್ಕೊಂದು ಊಟ, ಒಂದು ಗುಂಪು ಫೋಟೋ, ವಾಟ್ಸಾಪಿನಲ್ಲಿ ಹುಟ್ಟುಹಬ್ಬದ ಶುಭಾಶಯ. ಇವರಲ್ಲಿ ಬೇರೆ ಏನಿದೆ?

ನ್ಯೂಜೆರ್ಸಿ ಕನ್ನಡತಿ

ಇವರಲ್ಲಿ ‘ಹಳೆಯ ವಿದ್ಯಾರ್ಥಿ’ ಎಂಬುದೊಂದು ಬೇರೆ ಜಾತಿಯೇ ಇಲ್ಲ ಎನ್ನುವುದು ಮುಖ್ಯ. ಸೇರಿದವರು ಸಾಯುವವರೆಗೂ ಸದಸ್ಯರು. ಕಾಲೇಜಿನಲ್ಲಿರುವವರೆಗೆ ಕಾಲೇಜಿನ ಚಾಪ್ಟರ್, ಆಮೇಲೆ ತಾವು ನೆಲೆಸಿದ ಊರಿನ ಪದವೀಧರರ ಚಾಪ್ಟರ್. ಅಂಥ ಮೊದಲ ಪದವೀಧರ ಚಾಪ್ಟರ್ 1911ರಲ್ಲಿ ಕೆಂಟಕಿಯ ಲೂಯಿವಿಲ್ ನಗರದಲ್ಲಿ ಆರಂಭವಾಯಿತು. ಚಾಪ್ಟರುಗಳಿಗೆ ಗ್ರೀಕ್ ಅಕ್ಷರಮಾಲೆಯ ಕ್ರಮದಲ್ಲಿ ಹೆಸರಿಡುತ್ತಾ ಹೋಗಿದ್ದಾರೆ: ಕಾರ್ನೆಲ್‌ನದು ಆಲ್ಫಾ, 1907ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ತೆರೆದದ್ದು ಬೀಟಾ. ಆದರೆ ಕೊನೆಯ ಅಕ್ಷರವಾದ ಒಮೇಗಾವನ್ನು ಬದುಕಿರುವವರ ಯಾವ ಶಾಖೆಗೂ ಕೊಟ್ಟಿಲ್ಲ. ತೀರಿಹೋದ ಸದಸ್ಯರೆಲ್ಲ ಒಮೇಗಾ ಚಾಪ್ಟರಿಗೆ ಸೇರಿದವರು. ಯಾರಾದರೂ ಸತ್ತರೆ ಅವರು ಒಮೇಗಾ ಚಾಪ್ಟರ್ ಸೇರಿದರು ಎನ್ನುತ್ತಾರೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರ ಅಂತ್ಯಕ್ರಿಯೆಯಲ್ಲಿ ಈ ಮಾತನ್ನು ಮೊದಲ ಬಾರಿ ಕೇಳಿದಾಗ, ನಮ್ಮಲ್ಲಿ ಲಿಂಗೈಕ್ಯರಾದರು ಎನ್ನುವಾಗಿನ ಗಾಂಭೀರ್ಯ ಅದರಲ್ಲಿ ಕಂಡಿತು.

ಈ ನಂಟಿಗೆ ಭಾವನೆಯಷ್ಟೇ ಅಲ್ಲದೆ ಒಂದು ಕಠಿಣವಾದ ಕಾರಣವೂ ಇತ್ತು. ಕಪ್ಪು ವೈದ್ಯ ಅಥವಾ ವಕೀಲ ಅಪರಿಚಿತ ಊರಿಗೆ ಹೋದರೆ ಹೋಟೆಲುಗಳು ಬಾಗಿಲು ತೆರೆಯುತ್ತಿರಲಿಲ್ಲ, ವೃತ್ತಿ ಸಂಘಗಳು ಸೇರಿಸಿಕೊಳ್ಳುತ್ತಿರಲಿಲ್ಲ. ಊರಿನ ಚಾಪ್ಟರಿನವರ ಮನೆಯೇ ತಂಗುವ ಮನೆ, ಅವರ ಪರಿಚಯವೇ ಕೆಲಸಕ್ಕೆ ದಾರಿ. 1914ರಿಂದ ಬರುತ್ತಿರುವ ‘ಸ್ಫಿಂಕ್ಸ್’ ಎಂಬ ಅವರ ಪತ್ರಿಕೆ ಯಾರು ಎಲ್ಲಿದ್ದಾರೆ ಎಂಬುದನ್ನು ಊರೂರಿಗೆ ತಲುಪಿಸುತ್ತಿತ್ತು.

ಒಂದು ಪ್ರಸಂಗವನ್ನು ತಮ್ಮ ಸಂಪಾದಕ ಮಂಡಳಿಗೆ ಓದಿ ಹೇಳಬಹುದು. 1942ರಲ್ಲಿ ಎಲ್ಮರ್ ಹೆಂಡರ್‌ಸನ್ ಎಂಬ ಸದಸ್ಯರು ಸರ್ಕಾರಿ ಕೆಲಸದ ಮೇಲೆ ವಾಷಿಂಗ್ಟನ್‌ನಿಂದ ದಕ್ಷಿಣಕ್ಕೆ ರೈಲಿನಲ್ಲಿ ಹೋಗುತ್ತಿದ್ದರು. ಊಟದ ಬೋಗಿಯಲ್ಲಿ ಅಡುಗೆಮನೆಗೆ ಹತ್ತಿದ ಎರಡು ಮೇಜುಗಳು ಕಪ್ಪು ಪ್ರಯಾಣಿಕರಿಗೆ, ನಡುವೆ ಒಂದು ಪರದೆ. ಆ ಮೇಜುಗಳಲ್ಲೂ ಬಿಳಿಯರು ಕುಳಿತಿದ್ದರು. ಖಾಲಿ ಕುರ್ಚಿಗಳಿದ್ದರೂ ಅವರಿಗೆ ಬಡಿಸಲಿಲ್ಲ. ಮತ್ತೆ ಮತ್ತೆ ಹೋಗಿ ಕೇಳಿದರು, ಕೊನೆಗೂ ಊಟ ಸಿಗಲಿಲ್ಲ. ಅವರು ದೂರು ಕೊಟ್ಟ ಮೇಲೆ ರೈಲ್ವೆ ಕಂಪನಿ ತನ್ನ ನಿಯಮವನ್ನು ತಿದ್ದಿ, ಹತ್ತು ಮೇಜು ಬಿಳಿಯರಿಗೆ, ಒಂದು ಮೇಜು ಕಪ್ಪು ಜನರಿಗೆ ಎಂದು ಗೊತ್ತು ಮಾಡಿತು. ಫ್ರಟರ್ನಿಟಿ ಈ ಮೊಕದ್ದಮೆಯನ್ನು ತನ್ನದೆಂದೇ ನಡೆಸಿತು. ಅದರ ರಾಷ್ಟ್ರೀಯ ಅಧ್ಯಕ್ಷರಾಗಿದ್ದ ಬೆಲ್‌ಫೋರ್ಡ್ ಲಾಸನ್ ತಾವೇ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು, 1950ರಲ್ಲಿ ತೀರ್ಪು ಹೆಂಡರ್‌ಸನ್ ಪರವಾಗಿ ಬಂತು. ಬಿಳಿಯ ಫ್ರಟರ್ನಿಟಿಗಳಲ್ಲಿ ಊಟ ಬಡಿಸುತ್ತಿದ್ದ ಹುಡುಗರ ಕಾಲದಲ್ಲಿ ಹುಟ್ಟಿದ ಸಂಘ, ರೈಲಿನಲ್ಲಿ ಸಮಾನವಾಗಿ ಕುಳಿತು ಉಣ್ಣುವ ಹಕ್ಕನ್ನು ಗೆದ್ದುಕೊಟ್ಟಿತು.

ವಾಷಿಂಗ್ಟನ್‌ನ ಮಾರ್ಟಿನ್ ಲೂಥರ್ ಕಿಂಗ್ ಸ್ಮಾರಕದ ಕಥೆಯೂ ಇಂಥದ್ದೇ. ಬಾಸ್ಟನ್‌ನಲ್ಲಿ ಓದುತ್ತಿದ್ದಾಗ 1952ರಲ್ಲಿ ಕಿಂಗ್ ಈ ಫ್ರಟರ್ನಿಟಿ ಸೇರಿದ್ದರು. 1984ರಲ್ಲಿ ಕೆಲವು ಸದಸ್ಯರು ಮುಂದಿಟ್ಟ ಸ್ಮಾರಕದ ಪ್ರಸ್ತಾವಕ್ಕೆ ಅಮೆರಿಕದ ಸಂಸತ್ತು 1996ರಲ್ಲಿ ಒಪ್ಪಿಗೆ ಕೊಟ್ಟಿತು, ಲೋಕಾರ್ಪಣೆಯಾದದ್ದು 2011ರ ಅಕ್ಟೋಬರ್ 16ರಂದು. ಇಪ್ಪತ್ತೇಳು ವರ್ಷ ಹಿಡಿದ ಕೆಲಸವನ್ನು ಕೈಬಿಡದೆ ಇದ್ದದ್ದು ಹಳೆಯ ಸದಸ್ಯರ ಬಲದಿಂದ.

ಧಾರವಾಡದ ಮೇಷ್ಟ್ರು

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಏಳು ಮಂದಿ ಎಂದ ಕೂಡಲೇ ನಮ್ಮ ಭಾಗದವರಿಗೆ ನೆನಪಾಗುವುದು ಕೆ.ಎಲ್.ಇ. ಸಂಸ್ಥೆಯ ಸಪ್ತರ್ಷಿಗಳು. 1916ರಲ್ಲಿ ಬೆಳಗಾವಿಯಲ್ಲಿ ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ಏಳು ಮಂದಿ ತರುಣ ಶಿಕ್ಷಕರು, ಸಿಕ್ಕಬಹುದಾಗಿದ್ದ ಸರ್ಕಾರಿ ನೌಕರಿಯ ಸುಖವನ್ನು ಬಿಟ್ಟು ಆ ಸಂಸ್ಥೆಗೆ ತಮ್ಮ ಬದುಕನ್ನು ಕೊಟ್ಟರು. ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಸ್ಥಾಪನೆಯಾದದ್ದು ಆಲ್ಫಾ ಚಾಪ್ಟರ್ ಹುಟ್ಟಿದ 1906ರಲ್ಲಿಯೇ. ಹಳ್ಳಿಯಿಂದ ಓದಲು ಬಂದ ಹುಡುಗನಿಗೆ ಪಟ್ಟಣದಲ್ಲಿ ಅನ್ನ ಮತ್ತು ಸೂರು ಇಲ್ಲದಿದ್ದರೆ ಅವನು ದಸರಾ ರಜೆಗೆ ಊರಿಗೆ ಹೋದವನು ಮರಳಿ ಬರುತ್ತಿರಲಿಲ್ಲ. ನಮ್ಮ ಪ್ರಸಾದ ನಿಲಯಗಳೂ ಬೋರ್ಡಿಂಗುಗಳೂ ಹುಟ್ಟಿದ್ದು ಆ ಮರಳದ ಹುಡುಗನ ಸಲುವಾಗಿ. ನೆಲ ಬೇರೆಯಾದರೂ ಕಾರಣ ಒಂದೇ ಎಂದು ನನಗೆ ತೋರುತ್ತದೆ.

ಕರಾವಳಿಯವ

ಮೇಷ್ಟ್ರೇ, ತಮ್ಮ ಮೇಲಿನ ಗೌರವದಿಂದಲೇ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ಅನ್ನ ಮತ್ತು ಸೂರಿನ ಮಟ್ಟಿಗೆ ಹೋಲಿಕೆ ಸರಿ. ಆದರೆ ಆಲ್ಫಾ ಚಾಪ್ಟರಿನ ಹುಡುಗರಿಗೆ ಇದ್ದ ಕಷ್ಟ ಬಡತನವೊಂದೇ ಅಲ್ಲ, ಪಕ್ಕದಲ್ಲಿ ಕೂರಿಸಿಕೊಳ್ಳದ ಸಮಾಜವೂ ಹೌದು. ಭೂಮಿಯಿದ್ದ, ಊರಿನೊಳಗೆ ಮನೆಯಿದ್ದ ಸಮುದಾಯಗಳ ನಿಲಯಗಳನ್ನು ಅದಕ್ಕೆ ಹೋಲಿಸಿದರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ನಮ್ಮಲ್ಲಿ ಹತ್ತಿರದ ಉದಾಹರಣೆ ಬೇಕಿದ್ದರೆ ಮಂಗಳೂರಿನ ಕುದ್ಮುಲ್ ರಂಗರಾಯರ ಕೆಲಸವನ್ನು ನೋಡಬೇಕು. ವಕೀಲರಾಗಿದ್ದ ಅವರು ದಲಿತ ಮಕ್ಕಳಿಗೆ ಶಾಲೆ ತೆರೆದು, ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ತಮ್ಮವರಿಂದಲೇ ಬಹಿಷ್ಕಾರ ಅನುಭವಿಸಿದರು. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಹುದ್ದೆಗೇರಿ ವಾಹನದಲ್ಲಿ ಓಡಾಡುವಾಗ ಅದರ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು.

ವ್ಯತ್ಯಾಸವನ್ನೂ ಹೇಳಬೇಕು. ರಂಗರಾಯರು ಹೊರಗಿನಿಂದ ಕೈಚಾಚಿದವರು; ಕಾರ್ನೆಲ್‌ನಲ್ಲಿ ನೊಂದವರೇ ಒಬ್ಬರಿಗೊಬ್ಬರು ಕೈ ಕೊಟ್ಟರು. ಆ ಕಾರಣಕ್ಕೇ ಅವರ ಹಳೆಯ ಸದಸ್ಯರಲ್ಲಿ ಉಪಕೃತರ ಭಾವಕ್ಕಿಂತ ಒಡೆತನದ ಭಾವ ಹೆಚ್ಚು ಕಾಣುತ್ತದೆ. ತುಂಗಾತೀರ ಅವರು ಕಂಡ ಆ ಬೆಂಚನ್ನು ಒರಸುವ ಕೈ ಅದು.

ಧಾರವಾಡದ ಮೇಷ್ಟ್ರು

ತಮ್ಮ ಮಾತು ಸರಿಯಾಗಿದೆ. ಕಾರಣ ಒಂದೇ ಎಂದು ನಾನು ಬರೆದದ್ದು ಅವಸರದ ಮಾತು, ಹಿಂತೆಗೆದುಕೊಳ್ಳುತ್ತೇನೆ.

ಎರಡನೇ ಮಹಡಿ ಕೋಣೆ ಹದಿನಾಲ್ಕು

ಒಳ್ಳೆಯದನ್ನೆಲ್ಲ ಬರೆದಿದ್ದೀರಿ, ನಾನು ಇನ್ನೊಂದು ಬದಿಯನ್ನು ಕೇಳಬೇಕಾಗಿದೆ. ಫ್ರಟರ್ನಿಟಿ ಎಂದಾಕ್ಷಣ ಹೊಸಬರನ್ನು ಹಿಂಸಿಸುವ ಪದ್ಧತಿಯೂ ನೆನಪಿಗೆ ಬರುತ್ತದೆ. ನಾನು ಓದಿದ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಮೊದಲ ವರ್ಷ ಪೂರ್ತಿ ರಾತ್ರಿ ಹನ್ನೊಂದರ ನಂತರ ಸೀನಿಯರುಗಳು ಬಾಗಿಲು ತಟ್ಟುವ ಸದ್ದಿಗೆ ಹೆದರಿ ದೀಪ ಆರಿಸಿ ಕೂರುತ್ತಿದ್ದೆ. ನನ್ನ ಕೋಣೆಯ ಗೆಳೆಯ ದೀಪಾವಳಿಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ಅವನ ಟ್ರಂಕನ್ನು ಅವನ ತಂದೆ ಬಂದು ಒಯ್ದರು. ನನ್ನನ್ನು ಏನೂ ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ. ಮೊನ್ನೆ ಹಳೆಯ ವಿದ್ಯಾರ್ಥಿಗಳ ಸಮ್ಮೇಳನದಲ್ಲಿ ಅದೇ ಸೀನಿಯರುಗಳು ಆ ದಿನಗಳನ್ನು ಸವಿನೆನಪು ಎಂದು ಕರೆದಾಗ ಎದ್ದು ಹೊರಗೆ ಬಂದೆ. ಮರಳಿ ಬಾರದ ಆರು ಮಂದಿಗಾಗಿ ಹುಟ್ಟಿದ ಸಂಘ, ತನ್ನ ಕೈಯಿಂದಲೇ ಯಾರನ್ನೂ ಮರಳದಂತೆ ಮಾಡಲಿಲ್ಲವೇ?

ನ್ಯೂಜೆರ್ಸಿ ಕನ್ನಡತಿ

ತಮ್ಮ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಮಾಡಿದೆ. ಕಪ್ಪು ಫ್ರಟರ್ನಿಟಿಗಳಲ್ಲಿ ಹೊಸಬರನ್ನು ಸಾಲಾಗಿ ನಿಲ್ಲಿಸಿ, ಸಂಖ್ಯೆ ಕೊಟ್ಟು, ವಾರಗಟ್ಟಲೆ ಪರೀಕ್ಷೆಗೊಡ್ಡುವ ‘ಪ್ಲೆಡ್ಜಿಂಗ್’ ಪದ್ಧತಿ ಬಲವಾಗಿ ಬೇರೂರಿತ್ತು. ಈ ಫ್ರಟರ್ನಿಟಿಯ ಇನ್ನೊಂದು ಚಾಪ್ಟರಿನಲ್ಲಿ 1989ರಲ್ಲಿ ಒಬ್ಬ ವಿದ್ಯಾರ್ಥಿಯ ಜೀವವೇ ಹೋಯಿತು. 1990ರಲ್ಲಿ ಕಪ್ಪು ಫ್ರಟರ್ನಿಟಿ ಮತ್ತು ಸೊರೊರಿಟಿಗಳ (ಹೆಣ್ಣುಮಕ್ಕಳ ಇಂಥದ್ದೇ ಸಂಘಗಳ) ಅಧ್ಯಕ್ಷರೆಲ್ಲ ಸೇರಿ ಪ್ಲೆಡ್ಜಿಂಗನ್ನು ರದ್ದುಪಡಿಸಿ, ಅರ್ಜಿ ಮತ್ತು ಸಂದರ್ಶನದ ಸರಳ ಕ್ರಮವನ್ನು ತಂದರು. ಆದರೂ ಗುಟ್ಟಾಗಿ ನಡೆಯುವುದು ಪೂರ್ತಿ ನಿಲ್ಲಲಿಲ್ಲ.

ಇಲ್ಲಿ ಹಳೆಯ ಸದಸ್ಯರ ಪಾತ್ರವನ್ನು ನೇರವಾಗಿ ಹೇಳಬೇಕು. ಹೊಸ ಕ್ರಮದಲ್ಲಿ ನೋವಿಲ್ಲದೆ ಸೇರಿದವರನ್ನು ‘ಪೇಪರ್’ ಎಂದು ಹಂಗಿಸುವುದುಂಟು; ಅರ್ಜಿಯ ಕಾಗದದ ಬಲದಿಂದ ಸೇರಿದವನು, ಮೈಯಿಂದ ಗಳಿಸಿದವನಲ್ಲ ಎಂದು ಅದರ ಅರ್ಥ. ಹತ್ತೊಂಬತ್ತು ವರ್ಷದ ಹುಡುಗ ಆ ಮಾತಿಗೆ ಹೆದರಿ ತಾನಾಗಿಯೇ ಪೆಟ್ಟು ತಿನ್ನಲು ಒಪ್ಪುತ್ತಾನೆ. ಐವತ್ತು ವರ್ಷ ಬಿಡದ ನಂಟು ಹಕ್ಕಿನ ಮೊಕದ್ದಮೆಯನ್ನು ನಡೆಸುವಂತೆಯೇ ಕೆಟ್ಟ ರೂಢಿಯನ್ನೂ ಕಾಪಾಡಬಲ್ಲದು. ನಮ್ಮಲ್ಲಿ ಯುಜಿಸಿ 2009ರಲ್ಲಿ ರ‍್ಯಾಗಿಂಗ್ ವಿರೋಧಿ ನಿಯಮಾವಳಿ ತಂದ ಮೇಲೂ ಸೀನಿಯರುಗಳ ಬಾಯಲ್ಲಿ ಅದು ‘ಪರಿಚಯ’ ಎಂಬ ಹೆಸರಿನಲ್ಲಿ ಬದುಕಿದೆಯಲ್ಲ, ಹಾಗೆ.

ಇನ್ನೊಂದು ಕೊರತೆಯನ್ನು ಹೆಣ್ಣಾಗಿ ಸೇರಿಸಬಯಸುತ್ತೇನೆ. ಪಾಯಿಂಡೆಕ್ಸ್‌ಟರ್ ಅವರ ಸಾಹಿತ್ಯ ಕೂಟದಲ್ಲಿ ಮಹಿಳೆಯರೂ ಇದ್ದರು. ಅದು ಫ್ರಟರ್ನಿಟಿಯಾದ ಗಳಿಗೆಯಲ್ಲಿ ಅವರಿಗೆ ಬಾಗಿಲು ಮುಚ್ಚಿತು. ಕಪ್ಪು ಹೆಣ್ಣುಮಕ್ಕಳು ತಮ್ಮದೇ ಸೊರೊರಿಟಿಯಾದ ಆಲ್ಫಾ ಕಪ್ಪಾ ಆಲ್ಫಾವನ್ನು 1908ರಲ್ಲಿ ಹೋವರ್ಡಿನಲ್ಲಿ ಕಟ್ಟಿಕೊಂಡರು, ಕಮಲಾ ಹ್ಯಾರಿಸ್ ಮುಂದೆ ಸೇರಿದ್ದು ಅದನ್ನೇ. ಪಾಯಿಂಡೆಕ್ಸ್‌ಟರ್ ಗೆದ್ದಿದ್ದರೆ ಸಂಘ ಇಷ್ಟು ಕಾಲ ಬಾಳುತ್ತಿತ್ತೋ ಇಲ್ಲವೋ, ಆದರೆ ಆ ಕೂಟದಲ್ಲಿದ್ದ ಹೆಣ್ಣುಮಕ್ಕಳು ಹೊರಗುಳಿಯುತ್ತಿರಲಿಲ್ಲ.

ಹಳೆ ದಫ್ತರ

ಕೋಣೆ ಹದಿನಾಲ್ಕರವರ ಬರಹವನ್ನು ಓದಿದ ಮೇಲೆ ನನ್ನ ಹಿಂದಿನ ಉತ್ತರದಲ್ಲಿ ಒಂದು ಲೋಪ ಕಂಡಿತು. ಏಳು ಹೆಸರುಗಳನ್ನು ಸರಾಗವಾಗಿ ಪಟ್ಟಿ ಮಾಡಿದೆ. ಮರಳಿ ಬಾರದ ಆರು ಮಂದಿಯ ಒಂದು ಹೆಸರನ್ನೂ ಬರೆಯಲಿಲ್ಲ. ಅವರ ವಿಷಯದಲ್ಲಿ ಎಲ್ಲೆಡೆಯೂ ಸಂಖ್ಯೆಯಷ್ಟೇ ಮತ್ತೆ ಮತ್ತೆ ಬರುತ್ತದೆ. ಚಾಪ್ಟರಿನ ಚರಿತ್ರೆ ಅವರಿಂದಲೇ ಆರಂಭವಾದರೂ ಗೋಡೆಯ ಆಕಾರ ಉಳಿದವರ ಲೆಕ್ಕದ್ದು.

ತುಂಗಾತೀರ

ಹತ್ತು ದಿನಗಳಿಂದ ಈ ಮಾತುಗಳನ್ನು ಮತ್ತೆ ಮತ್ತೆ ಓದಿದ್ದೇನೆ. ನಿನ್ನೆ ರಾತ್ರಿ ಶಿವಮೊಗ್ಗದ ಗೆಳೆಯರಿಗೆ ಫೋನು ಮಾಡಿ, ನಿಲಯದ ಉಗ್ರಾಣದಲ್ಲಿರುವ ಹಳೆಯ ಮೆಸ್ ಪುಸ್ತಕಗಳನ್ನು ತೆಗೆಸಿ ಹಾಳೆಗಳ ಫೋಟೋ ಕಳುಹಿಸಲು ಕೇಳಿಕೊಂಡೆ. ಇಂದು ಬೆಳಿಗ್ಗೆ ಮೊದಲ ಕಂತು ಬಂದಿದೆ. ನಮ್ಮ ವಾರ್ಡನ್ನರು ಪ್ರತಿಯೊಬ್ಬನ ಹೆಸರಿನ ಮುಂದೆ ಊಟದ ದಿನಗಳನ್ನು ಗೀಟು ಹಾಕಿ ಎಣಿಸುತ್ತಿದ್ದರು. ಕೆಲವು ಹೆಸರುಗಳ ಮುಂದೆ ಗೀಟುಗಳು ತಿಂಗಳ ನಡುವೆ ನಿಂತು, ಕೆಂಪು ಶಾಯಿಯಲ್ಲಿ ‘ಊರಿಗೆ ಹೋದ’ ಎಂದು ಬರೆದಿದೆ. ಒಂದು ಹಾಳೆಯಲ್ಲಿ ಅಂಥವು ನಾಲ್ಕು. ಅವುಗಳಲ್ಲಿ ಎರಡು ಹೆಸರುಗಳು ನನಗೆ ನೆನಪಿದ್ದವು. ಒಬ್ಬ ನನ್ನ ಪಕ್ಕದ ಮಣೆಯಲ್ಲಿ ಕೂರುತ್ತಿದ್ದವನು, ಮಜ್ಜಿಗೆಗೆ ಉಪ್ಪು ಹಾಕಿಕೊಳ್ಳದವನು. ಅವನು ಯಾಕೆ ಹೋದನೆಂದು ಅಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಸಂಚಿಕೆಯ ಮೊದಲ ಅಧ್ಯಾಯವನ್ನು ಕಟ್ಟಡದ ಶಂಕುಸ್ಥಾಪನೆಯಿಂದ ಆರಂಭಿಸುವುದೆಂದು ಮುಂಚೆ ನಿರ್ಧರಿಸಿದ್ದೆವು. ಈಗ ಈ ಕೆಂಪು ಶಾಯಿಯ ಹೆಸರುಗಳಿಂದ ಆರಂಭಿಸಬೇಕೆಂದು ಮಂಡಳಿಗೆ ಬರೆದಿದ್ದೇನೆ. ಬದುಕಿರುವವರನ್ನು ಹುಡುಕಿ, ಅವರ ಒಪ್ಪಿಗೆ ಪಡೆದ ನಂತರವೇ ಹೆಸರು ಅಚ್ಚು ಹಾಕುವುದು. ಶಿಕಾರಿಪುರ, ಸೊರಬ, ಹೊಸನಗರದ ಕಡೆ ಮನೆಮನೆಗೆ ಹೋಗಿ ವಿಚಾರಿಸುವ ವ್ಯವಧಾನವಿರುವವರು ಈ ವೇದಿಕೆಯಲ್ಲಿ ಇದ್ದರೆ ದಯವಿಟ್ಟು ನನಗೆ ತಿಳಿಸಿ. ಫೆಬ್ರವರಿ ಎರಡನೆಯ ವಾರ ನಾನು ಊರಿನಲ್ಲಿರುತ್ತೇನೆ.